ಕರೆಯದೆ ತಂದರು

ಹಗ್ಗದ ಕಾರ್ಖಾನೆ ಬಾಗಿಲು ಹಾಕಿ ಒಂದು ಕಾಲವೇ ಆಗಿತ್ತು. ಆದರೂ ಅದರ ಬೆನ್ನಿಗಿದ್ದ ಸಾಲುಮನೆಗಳ ಜನರನ್ನು ಊರು ಇನ್ನೂ ‘ಆಚೆಯವರು’ ಎಂದೇ ಕರೆಯುತ್ತಿತ್ತು. ಯಾವುದರಿಂದ ಆಚೆ ಎಂದು ಕೇಳಿದರೆ ಹೇಳಬಲ್ಲವರು ಒಬ್ಬರೂ ಇಲ್ಲ. ಆ ಜನ ಇಲ್ಲೇ ದುಡಿದರು, ಇಲ್ಲೇ ಹೆತ್ತರು, ಇಲ್ಲೇ ಸತ್ತರು. ಮಕ್ಕಳ ಮಕ್ಕಳು ಕಾಲೇಜಿನ ಮೆಟ್ಟಿಲು ಹತ್ತಿದರು. ಏನಾದರೇನು, ಬ್ಯಾಂಕಿನ ಸಾಲಿನಲ್ಲಿ ಒಂದು ಹೆಜ್ಜೆ ಮುಂದೆ ನಿಂತರೆ ಸಾಕು, ‘ಆಚೆಯವರಿಗೆ ಯಾವಾಗಲೂ ಅವಸರ’ ಎಂಬ ಮಾತು ಬೆನ್ನಿಗೆ ಬಂದು ಬಡಿಯುತ್ತಿತ್ತು. ಹಗ್ಗ ಬೇಕಿದ್ದಾಗ ಅವರ ಕೈ ಬೇಕಿತ್ತು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ?

ಅಂಥ ಊರಿಗೆ ಈ ವರ್ಷ ಇದ್ದಕ್ಕಿದ್ದ ಹಾಗೆ ಆಚೆಯವರ ಮೇಲೆ ಮಮತೆ ಉಕ್ಕಿ ಬಂತು. ಕಾರ್ಖಾನೆಯ ಉದ್ದನೆಯ ಶೆಡ್ಡಿಗೆ ಸುಣ್ಣ ಬಳಿದು, ನೆಲಕ್ಕೆ ನುಣ್ಣನೆ ಕಲ್ಲು ಹಾಸಿ, ವಲಸೆ ಬಂದವರ ನೆನಪಿನ ಪ್ರದರ್ಶನಾಲಯ ಮಾಡುವುದೆಂದು ತೀರ್ಮಾನವಾಯಿತು. ಕಟ್ಟಡ ಬಿಟ್ಟುಕೊಟ್ಟವನು ಹಳೆಯ ಧಣಿಯ ಮೊಮ್ಮಗ. ಕಥೆ ಕೊಡಬೇಕಾದವರು ಆಚೆಯವರು. ಅದನ್ನು ಮನೆಮನೆಗೆ ಹೋಗಿ ಹೆಕ್ಕಿಕೊಂಡು ಬರಬೇಕಾದವರು ಕಾಲೇಜಿನ ಇತಿಹಾಸದ ವಿದ್ಯಾರ್ಥಿಗಳು.

“ನಿಮ್ಮ ನಿಮ್ಮ ಮನೆ ಹಿರಿಯರನ್ನ ಮಾತಾಡಿಸಿ,” ಎಂದರು ಇತಿಹಾಸದ ಮೇಷ್ಟ್ರು. “ಫೋನಲ್ಲಿ ರೆಕಾರ್ಡ್ ಮಾಡಿ, ಅಚ್ಚುಕಟ್ಟಾಗಿ ಬರೆದು ಕೊಡಿ. ಒಳ್ಳೇದನ್ನ ಗೋಡೆ ಮೇಲೆ ಹಾಕ್ತೀವಿ. ನಾವು ನೀವು ಇರ್ತೀವೋ ಇಲ್ವೋ, ಅದು ಇರುತ್ತೆ.”

ಈ ಮಾತಿಗೆ ಎಲ್ಲರಿಗಿಂತ ಹೆಚ್ಚು ಉಬ್ಬಿದವಳು ಎರಡನೇ ವರ್ಷದ ಒಬ್ಬ ಹುಡುಗಿ, ಸಾಲುಮನೆಯವಳು. ಮನೆಯಲ್ಲಿ ಅವಳಿಗೆ ತಿದ್ದಮ್ಮ ಎಂದು ಅಡ್ಡಹೆಸರು. ಯಾರು ಬಾಯಿ ತೆರೆದರೂ ತಿದ್ದುವುದು ಅವಳ ಚಾಳಿ. ಅದು ಹುಟ್ಟುಗುಣವಲ್ಲ, ಅವಮಾನ ತಿಂದು ಕಲಿತದ್ದು. ಸಣ್ಣವಳಿದ್ದಾಗ ಶಾಲೆಯಲ್ಲಿ ಅಜ್ಜಿ ಆಡುವಂಥ ಒಂದು ಮಾತು ಬಾಯಿತಪ್ಪಿ ಬಿದ್ದರೆ ಇಡೀ ತರಗತಿ ‘ಆಚೆ ಭಾಷೆ, ಆಚೆ ಭಾಷೆ’ ಎಂದು ಮೇಜು ಬಡಿಯುತ್ತಿತ್ತು. ಬೈಯಬೇಕಾದ ಟೀಚರು ಬಾಯಿಗೆ ಕೈ ಅಡ್ಡ ಇಟ್ಟು ನಗುತ್ತಿದ್ದರು. ಅವತ್ತಿನಿಂದ ಅವಳು ಅಕ್ಕಿ ಆರಿಸಿದ ಹಾಗೆ ಮಾತು ಆರಿಸತೊಡಗಿದಳು. ತನ್ನ ಮಾತಿನ ಕಲ್ಲು ಮುಗಿದ ಮೇಲೆ ಮನೆಯವರ ಮಾತಿಗೆ ಕೈ ಹಾಕಿದಳು.

ಅಜ್ಜಿಗೆ ಇದರಿಂದ ಮೈ ಉರಿಯುತ್ತಿತ್ತು. “ನನ್ನ ಹೊಟ್ಟೇಲಿ ಹುಟ್ಟಿದೋಳ ಹೊಟ್ಟೇಲಿ ಹುಟ್ಟಿ ನನಗೇ ಮಾತು ಕಲಿಸ್ತೀಯೇನೆ?” ಎಂದು ರೇಗುತ್ತಿದ್ದಳು. ಅಜ್ಜಿಯೇನೂ ಮೂಲೆ ಹಿಡಿದು ಕೂತ ಪಾಪದ ಮುದುಕಿಯಲ್ಲ. ಸಾಲುಮನೆಯ ನಲ್ಲಿಯಲ್ಲಿ ಅವಳ ಬಕೆಟ್ಟು ತುಂಬದೆ ಬೇರೆಯವರ ಬಕೆಟ್ಟು ತುಂಬುತ್ತಿರಲಿಲ್ಲ. ಇಸ್ಪೀಟಿನಲ್ಲಿ ರಾಜಾರೋಷವಾಗಿ ಮೋಸ ಮಾಡಿ, ಸಿಕ್ಕಿಬಿದ್ದರೆ ಹಿಡಿದವರನ್ನೇ ಬೈದು ಎದ್ದುಹೋಗುತ್ತಿದ್ದಳು.

ಒಂದು ಭಾನುವಾರ ಮಧ್ಯಾಹ್ನ ತಿದ್ದಮ್ಮ ಸಕ್ಕರೆ ಡಬ್ಬಿಗೆ ಫೋನು ಒರಗಿಸಿಟ್ಟು ಅಜ್ಜಿಯ ಎದುರು ಕೂತಳು. ಅಜ್ಜಿ ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಅಮ್ಮ ಆಸ್ಪತ್ರೆಯ ಡ್ಯೂಟಿಗೆ ಹೋಗಿದ್ದಳು.

“ಅಜ್ಜಿ, ನೀನು ಈ ಊರಿಗೆ ಹೇಗೆ ಬಂದೆ? ಹೇಳು.”

“ನಾನೆಲ್ಲಿ ಬಂದೆ? ತಂದ್ರು.”

“ಕರ್ಕೊಂಡು ಬಂದ್ರು ಅನ್ನಬೇಕು.”

“ಯಾಕೆ?”

“ತರೋದು ಸಾಮಾನನ್ನ ಅಜ್ಜಿ. ಮನುಷ್ಯರನ್ನ ಕರ್ಕೊಂಡು ಬರೋದು.”

“ಸೊಸೇನ ತರ್ತಾರಲ್ಲ?”

“ಅದೂ ತಪ್ಪೇ.”

“ಹಾಗಾದ್ರೆ ಹೋಗಿ ನಿಮ್ಮಮ್ಮನ ಅತ್ತೆಗೆ ಹೇಳು,” ಎಂದು ಅಜ್ಜಿ ಸಿಪ್ಪೆ ಊದಿದಳು. ಆಮೇಲೆ ಫೋನನ್ನು ಒಂದು ಸಲ ಓರೆಯಾಗಿ ನೋಡಿ ಶುರುಮಾಡಿದಳು. “ನಾರು ತುಂಬಿದ ಲಾರಿ ಅದು. ನಾನು, ನಮ್ಮಕ್ಕ, ಇನ್ನೊಂದಷ್ಟು ಹುಡುಗೀರು, ಎಲ್ಲಾ ಮೂಟೆ ಮೇಲೆ. ಎಲ್ಲಿಗೆ ಅಂತ ಕೇಳಿದ್ರೆ ಮೇಸ್ತ್ರಿ ಹೇಳ್ಲಿಲ್ಲ. ಇಲ್ಲಿ ಗೇಟಿನ ಹತ್ರ ತೂಕದ ಕಟ್ಟೆ ಇತ್ತು. ಲಾರೀನ ಅದರ ಮೇಲೆ ಹತ್ತಿಸಿ ತೂಗಿದ್ರು. ಆಮೇಲೆ ನಮ್ಮನ್ನೆಲ್ಲ ಕೆಳಗಿಳಿಸಿ ಇನ್ನೊಂದ್ಸಲ ತೂಗಿದ್ರು. ಯಾಕೆ ಹೇಳು? ನಾರಿನ ತೂಕದಲ್ಲಿ ನಮ್ಮ ತೂಕ ಸೇರ್ಬಾರ್ದಲ್ಲ! ಧಣಿಗೆ ಮೋಸ ಆಗ್ಬಾರ್ದಲ್ಲ! ಅದಕ್ಕೇ ಅಂದಿದ್ದು ತಂದ್ರು ಅಂತ.”

ತಿದ್ದಮ್ಮ ನಕ್ಕಳು. ಒಳ್ಳೆ ಮಜವಾದ ಪ್ರಸಂಗ ಸಿಕ್ಕಿತು ಎಂದುಕೊಂಡಳು. ಅಜ್ಜಿ ನಗಲಿಲ್ಲ ಎಂಬುದು ಅವಳ ಗಮನಕ್ಕೆ ಬರಲಿಲ್ಲ.

ಅಜ್ಜಿ ಕೆಲಸದ ಬಗ್ಗೆ ಹೇಳಿದಳು. ಬಾಚಿದ ನಾರನ್ನು ಸೊಂಟಕ್ಕೆ ಸುತ್ತಿಕೊಳ್ಳಬೇಕು. ತುದಿಯನ್ನು ಚಕ್ರದ ಕೊಕ್ಕೆಗೆ ಸಿಕ್ಕಿಸಬೇಕು. ಅಲ್ಲೊಬ್ಬಳು ಚಕ್ರ ತಿರುಗಿಸುತ್ತಾಳೆ, ಇವಳು ಬೆರಳ ಸಂದಿಯಿಂದ ನಾರು ಬಿಡುತ್ತ ಹಿಂದಕ್ಕೆ ಹಿಂದಕ್ಕೆ ನಡೆಯಬೇಕು. ಶೆಡ್ಡಿನ ಈ ತುದಿಯಿಂದ ಆ ತುದಿಯವರೆಗೆ ಬೆನ್ನು ಮುಂದೆ ಮಾಡಿಕೊಂಡೇ ನಡಿಗೆ. ಮಧ್ಯದಲ್ಲಿ ಕೈ ಬಿಟ್ಟರೆ ಇಡೀ ಎಳೆ ಸುರುಳಿ ಸುತ್ತಿಕೊಂಡು ಹಾಳು. “ಕೊನೆಕೊನೆಗೆ ಮನೇಲೂ ನಾನು ಹಿಂದೆ ಹಿಂದೆ ನಡೀತಿದ್ದೆ, ನಿಮ್ಮ ತಾತ ಬಾಗಿಲಿಗೆ ಬಡ್ಕೊಳ್ತೀಯ ಅಂತ ಕೂಗ್ತಿದ್ರು,” ಎಂದಳು.

“ನಿಮ್ಮಕ್ಕ?” ಎಂದು ತಿದ್ದಮ್ಮ ಕೇಳಿದಳು. ಅಜ್ಜಿಗೊಬ್ಬಳು ಅಕ್ಕ ಇದ್ದಳು, ಹರೆಯದಲ್ಲೇ ಜ್ವರ ಬಂದು ಹೋದಳು ಎಂದು ಅಮ್ಮ ಹೇಳಿದ್ದು ಅವಳಿಗೆ ನೆನಪಿತ್ತು.

ಅಜ್ಜಿಯ ಉಗುರು ಒಂದು ಎಸಳಿನ ಮೇಲೆ ನಿಂತಿತು. “ಅವಳನ್ನ ಡಾಂಬರಿನ ತೊಟ್ಟಿಗೆ ಹಾಕಿದ್ರು. ಹಗ್ಗ ಅದ್ದೋ ಕೆಲಸ. ಕುದಿಯೋ ಡಾಂಬರು. ಅವಳಿಗೆ ಆಗ್ಲಿಲ್ಲ. ಒಂದಿನ ಓಡಿಹೋದ್ಳು. ಹುಡುಕೋಕೆ ಲಾರಿ ಹೋಯ್ತು. ಆಮೇಲೆ ತಂದ್ರು. ನಾನು ಹೊಸೀತಾ ಇದ್ದೆ.”

“ಆಮೇಲೆ?”

“ಆಮೇಲೇನು, ಸಾಯಂಕಾಲ ಆಯ್ತು. ಬೆಳ್ಳುಳ್ಳಿ ಮುಗೀತು, ಫೋನು ಆರಿಸು.”

ತಿದ್ದಮ್ಮ ಅದನ್ನೆಲ್ಲ ಕೂತು ಚೊಕ್ಕವಾಗಿ ಬರೆದಳು. ಅಜ್ಜಿಯ ಒಂದು ಮಾತಿಗೂ ಯಾರೂ ಮೇಜು ಬಡಿಯಬಾರದು ಎಂಬ ಹಟ ಅವಳಿಗೆ. ‘ತಂದ್ರು’ ಇದ್ದಲ್ಲೆಲ್ಲ ‘ಕರೆತಂದರು’ ಎಂದು ಮಾಡಿದಳು. ಮೇಷ್ಟ್ರು ಓದಿ, “ಸಾಲುಮನೆ ಹುಡುಗಿ ಬರೆದಿದ್ದು ಅಂದ್ರೆ ಯಾರೂ ನಂಬಲ್ಲ,” ಎಂದರು. ಇದನ್ನು ಹೊಗಳಿಕೆ ಎಂದು ತಿಳಿದು ಅವಳು ನಾಲ್ಕು ದಿನ ನೆಲದ ಮೇಲೆ ಕಾಲಿಡಲಿಲ್ಲ.

ಉದ್ಘಾಟನೆಗೆ ಒಂದು ದಿನ ಉಳಿದಿರುವಾಗ ಮೇಷ್ಟ್ರು ಗೋಡೆಯ ಫೋಟೋ ಕಳಿಸಿದರು. ತಿದ್ದಮ್ಮ ಓಡಿಬಂದು ಅಜ್ಜಿಯ ಮುಂದೆ ಕೂತು, ಸುದ್ದಿ ಓದುವವರ ಗತ್ತಿನಲ್ಲಿ ಓದಿದಳು:

“ಕೆಲಸ ಅರಸಿ ಬಂದ ಸೋದರಿಯರಲ್ಲಿ ಹಿರಿಯಳು ತವರಿನ ನೆನಪು ಕಾಡಿ ಒಮ್ಮೆ ಕಾರ್ಖಾನೆ ಬಿಟ್ಟು ಹೋದಳು. ಕಾರ್ಖಾನೆಯವರೇ ಅವಳನ್ನು ಹುಡುಕಿ ಕರೆತಂದರು. ದುಡಿಯುವವರ ಮೇಲೆ ಆ ಕಾಲದವರಿಗಿದ್ದ ಕಾಳಜಿ ಅಂಥದ್ದು.”

ಕೊನೆಯ ಸಾಲು ತಾನು ಬರೆದದ್ದಲ್ಲ ಎಂದು ಓದುವಾಗಲೇ ಅವಳಿಗೆ ಹೊಳೆಯಿತು. ಇರಲಿ, ಚೆನ್ನಾಗಿಯೇ ಇದೆಯಲ್ಲ ಎನ್ನಿಸಿತು. ತಲೆಯೆತ್ತಿದರೆ ಅಜ್ಜಿಯ ಮುಖ ಕಪ್ಪಿಟ್ಟಿತ್ತು.

“ಇನ್ನೊಂದ್ಸಲ ಓದು.”

ಓದಿದಳು.

“ಕರೆತಂದರಾ?” ಎಂದಳು ಅಜ್ಜಿ. “ಯಾರು ಕರೆದ್ರು? ಕರೆದ್ರೆ ಕೇಳೋಕೆ ಅವಳಿಗೆ ಕಿವಿ ಇತ್ತೇನೆ? ಹೆಣಾನ ಯಾರಾದ್ರೂ ಕರ್ಕೊಂಡು ಬರ್ತಾರೇನೆ?”

ತಿದ್ದಮ್ಮನಿಗೆ ಒಂದು ಕ್ಷಣ ಏನೂ ಅರ್ಥವಾಗಲಿಲ್ಲ. ಅರ್ಥವಾದಾಗ ಫೋನನ್ನು ಕೆಳಗಿಟ್ಟಳು. “ಜ್ವರ ಅಂತ ಅಮ್ಮ...”

“ನಿಮ್ಮಮ್ಮನಿಗೆ ನಾನೇ ಹಾಗೆ ಹೇಳಿದ್ದು. ಎದೆ ಎತ್ತರ ಬಾರದ ಮಗು ದೊಡ್ಡಮ್ಮ ಎಲ್ಲಿ ಅಂದ್ರೆ ಇನ್ನೇನು ಹೇಳ್ಲಿ? ಮೂಟೆ ಮೇಲೆ ಮಲಗಿಸಿ ಗೋಣಿ ಹೊದಿಸಿ ತಂದ್ರು. ಕಾಲುವೇಲಿ ಸಿಕ್ಕಿದ್ಳು ಅಂದ್ರು. ಬಿದ್ಳೋ, ಅಟ್ಟಿಸ್ಕೊಂಡು ಹೋದಾಗ ಹಾರಿದ್ಳೋ, ಅದಕ್ಕಿಂತ ಕೆಟ್ಟದ್ದು ಏನಾದ್ರೂ ಆಯ್ತೋ, ಕೇಳೋರು ಯಾರು? ಗೇಟಿಗೆ ಮುಖ, ಹಿಂದಕ್ಕೆ ನಡಿಗೆ. ಲಾರಿ ಒಳಗೆ ಬರೋದು ಕಾಣ್ತಾ ಇತ್ತು, ಗೋಣಿಯಿಂದ ಅವಳ ಕಾಲು ಕಾಣ್ತಾ ಇತ್ತು, ಡಾಂಬರು ಅಂಟಿದ ಕಾಲು. ನಾನು ಮಾತ್ರ ದೂರ ದೂರ ಹೋಗ್ತಾನೇ ಇದ್ದೆ. ಕೈ ಬಿಡೋ ಹಾಗಿಲ್ಲ. ಎಳೆ ಮುಗಿಸಿ ಓಡಿಬರೋ ಅಷ್ಟರಲ್ಲಿ ಲಾರಿ ಆಚೆ ಹೋಗಿತ್ತು. ಎಲ್ಲಿ ಹೂತ್ರು ಅಂತ ಇವತ್ತಿಗೂ ಗೊತ್ತಿಲ್ಲ.”

ಅಜ್ಜಿ ಅಳಲಿಲ್ಲ. ಅತ್ತಿದ್ದರೆ ತಿದ್ದಮ್ಮನಿಗೆ ಸುಲಭವಾಗುತ್ತಿತ್ತು.

“ಮಗಳಿಗೆ ಸುಳ್ಳು ಹೇಳಿದೆ,” ಎಂದಳು ಅಜ್ಜಿ. “ನಿನಗೆ ನಿಜ ಹೇಳಿದೆ. ನೀನು ತಿದ್ದಿದೆ.”

ತಿದ್ದಮ್ಮನ ಮೈಯೆಲ್ಲ ಬೆಂಕಿಯಾಯಿತು. ಮೊದಲು ತನ್ನ ಮೇಲೆ, ಆಮೇಲೆ ಮೇಜು ಬಡಿದ ಆ ತರಗತಿಯ ಮೇಲೆ, ಆಮೇಲೆ ‘ಕಾಳಜಿ ಅಂಥದ್ದು’ ಎಂದು ತಣ್ಣಗೆ ಕೂತು ಬರೆದ ಕೈಯ ಮೇಲೆ. ಒಂದು ಹೆಣದ ಮೇಲೆ ಹೂವಿಟ್ಟ ಹಾಗೆ ಆ ಸಾಲನ್ನು ಇಟ್ಟಿದ್ದರು, ಕೆಳಗಿರುವುದು ಹೆಣವೆಂದು ಕಾಣದಂತೆ. ನಾಳೆಯಿಂದ ಊರಿನ ಮಕ್ಕಳು ಸಾಲುಸಾಲಾಗಿ ಬಂದು ಅದನ್ನು ಓದುತ್ತಾರೆ. ಆ ಹುಡುಗಿ ಕಾಲುವೆಯಲ್ಲಿ ಸಿಕ್ಕಿದ್ದು ಯಾರಿಗೂ ಗೊತ್ತಾಗುವುದಿಲ್ಲ. ಅವಳು ಸುಖವಾಗಿ ಹಿಂದಿರುಗಿದ್ದು ಮಾತ್ರ ಗೋಡೆ ಇರುವವರೆಗೂ ಇರುತ್ತದೆ.

ಅವಳು ಚಪ್ಪಲಿ ಮೆಟ್ಟಿದವಳೇ ಕಾಲೇಜಿಗೆ ಹೋದಳು. ಮೇಷ್ಟ್ರು ಸ್ಟಾಫ್ ರೂಮಿನಲ್ಲಿ ಚಹಾಕ್ಕೆ ಬಿಸ್ಕತ್ತು ಅದ್ದುತ್ತ ಆಹ್ವಾನಿತರಿಗೆ ಫೋನು ಮಾಡುತ್ತಿದ್ದರು. ಅವಳು ನಿಂತೇ ಎಲ್ಲವನ್ನೂ ಹೇಳಿದಳು. ಬಿಸ್ಕತ್ತು ನೆನೆದು ಮುರಿದು ಲೋಟದೊಳಗೆ ಬಿತ್ತು. ಮೇಷ್ಟ್ರಿಗೆ ಅದರದೇ ಹೆಚ್ಚು ಸಂಕಟವಾದಂತೆ ಕಂಡಿತು.

“ಏನಮ್ಮಾ, ಮದುವೆ ಮನೇಲಿ ನಿಂತು ಸಾವಿನ ಮಾತಾಡ್ತೀಯಲ್ಲ. ನಾಳೆ ಬೆಳಗ್ಗೆ ಕಾರ್ಯಕ್ರಮ. ಅಕ್ಷರ ಕತ್ತರಿಸಿ ಗೋಡೆಗೆ ಅಂಟಿಸಿ ಆಗಿದೆ.”

“ಆ ಕಾಳಜಿ ಸಾಲು ನಾನು ಬರೆದಿದ್ದಲ್ಲ ಸರ್.”

“ಸಮಿತಿಯವರು ಸೇರಿಸಿದ್ದು. ನೀನೇ ಹೇಳು, ಓಡಿಹೋದೋಳನ್ನ ಹುಡುಕಿ ಕರೆತಂದರು ಅಂದ್ಮೇಲೆ ಅದು ಕಾಳಜಿ ಅಲ್ದೆ ಇನ್ನೇನು? ಕರೆತಂದರು ಅಂತ ಬರೆದಿದ್ದು ನೀನೇ ತಾನೆ?”

“ತಪ್ಪು ಬರೆದೆ. ರೆಕಾರ್ಡ್ ಕೇಳಿ. ಅಜ್ಜಿ ತಂದ್ರು ಅಂತಾನೇ ಹೇಳಿದಾಳೆ.”

“ಅವರ ಮಾತೇ ಹಾಗಲ್ವೇನಮ್ಮ! ವ್ಯಾಕರಣ ಗೊತ್ತಿಲ್ಲದ ಜನ. ನೀನು ಓದಿದೋಳು, ಸರಿ ಮಾಡಿದೀಯ. ಈಗ ಬಂದು ಸರಿ ಇದ್ದಿದ್ದನ್ನ ತಪ್ಪು ಮಾಡಿ ಅಂತೀಯಾ?” ಅವರು ಚಮಚದಲ್ಲಿ ಬಿಸ್ಕತ್ತು ಎತ್ತಲು ನೋಡಿದರು, ಅದು ಕರಗಿಹೋಗಿತ್ತು. “ನೋಡು, ಧಣಿ ಮನೆಯವರು ಕಟ್ಟಡ ಕೊಟ್ಟಿದಾರೆ. ಉಂಡ ಮನೆಗೆ ಎರಡು ಬಗೀಬಾರ್ದು. ನಾಳೆ ಅವರಿಗೆ ಆ ಗೋಡೆ ಓದಿ ಹೇಳೋದು ನೀನೇ. ಎಷ್ಟು ಜನಕ್ಕೆ ಸಿಗುತ್ತೆ ಇಂಥ ಅವಕಾಶ?”

ಉಂಡ ಮನೆಯಂತೆ! ಉಂಡವರು ಯಾರು, ಬಡಿಸಿದವರು ಯಾರು? ಯಾರದೋ ಮಗಳನ್ನು ಗೋಣಿ ಹೊದಿಸಿ ತಂದವರ ಮನೆಯ ಅನ್ನಕ್ಕೆ ಅವಳು ಋಣಿಯಾಗಬೇಕಿತ್ತು. ಗಾದೆ ಎಲ್ಲರ ಬಾಯಿಗೂ ಸಿಗುತ್ತದೆ, ಅದಕ್ಕೆ ನಾಚಿಕೆ ಇಲ್ಲ.

ಮನೆಗೆ ಬಂದಾಗ ಅಜ್ಜಿ ಬಾಗಿಲಲ್ಲೇ ಕೂತಿದ್ದಳು.

“ಏನಂದ ನಿಮ್ಮ ಮೇಷ್ಟ್ರು?”

“ಆಗಲ್ವಂತೆ. ತಂದರು ಅನ್ನೋದು ತಪ್ಪಂತೆ.”

ಅಜ್ಜಿ ಒಂದು ಕೆಟ್ಟ ಬೈಗುಳ ಬೈದಳು. ಎದುರುಮನೆಯ ಕಿಟಕಿ ಮುಚ್ಚಿಕೊಂಡಿತು. “ನಾಳೆ ನಾನೂ ಬರ್ತೀನಿ,” ಎಂದಳು. “ಯಾರೂ ಕರೀಬೇಡಿ, ನಾನೇ ನಡ್ಕೊಂಡು ಬರ್ತೀನಿ.”

ಮರುದಿನ ಹೋದಾಗ ಶೆಡ್ಡು ಗುರುತು ಸಿಗದಂತೆ ಬೆಳ್ಳಗಾಗಿತ್ತು. ಡಾಂಬರಿನ ತೊಟ್ಟಿ ಇದ್ದಲ್ಲಿ ಗಾಜಿನ ಪೆಟ್ಟಿಗೆ, ಅದರೊಳಗೆ ಮೆತ್ತನೆ ಬಟ್ಟೆಯ ಮೇಲೆ ಒಂದು ತುಂಡು ಹಗ್ಗ. ಮುಂದಿನ ಸಾಲಿನ ಕುರ್ಚಿಗಳಿಗೆ ‘ಹಿರಿಯ ಕಾರ್ಮಿಕರು’ ಎಂದು ಚೀಟಿ ಅಂಟಿಸಿದ್ದರು. ಅಜ್ಜಿ ಒಂದರ ಮೇಲೆ ಕೂತು, ಯಾರೋ ಕೈಗೆ ಕೊಟ್ಟ ಹೂಗುಚ್ಛವನ್ನು ಪಕ್ಕದ ಖಾಲಿ ಕುರ್ಚಿಯ ಮೇಲಿಟ್ಟಳು.

ಧಣಿಯ ಮೊಮ್ಮಗ ಒಳ್ಳೆಯ ಹುಡುಗನೇ. ತಗ್ಗಿದ ದನಿ, ಎಲ್ಲರಿಗೂ ನಮಸ್ಕಾರ. “ನಮ್ಮ ತಾತ ಕೆಲಸದವರನ್ನ ಮನೆ ಮಕ್ಕಳ ಹಾಗೆ ನೋಡ್ಕೊಂಡಿದ್ರು ಅಂತ ಕೇಳಿದೀನಿ,” ಎಂದ. ಅವನಿಗೆ ಹಾಗೆ ಹೇಳಿದವರಿದ್ದರು, ಅವನು ನಂಬಿದ್ದ. ಜನ ಚಪ್ಪಾಳೆ ತಟ್ಟಿದರು. ಮುಂದಿನ ಸಾಲಿನ ಕೆಲವು ಮುದುಕಿಯರೂ ತಟ್ಟಿದರು. ತಿದ್ದಮ್ಮನಿಗೆ ಅವರನ್ನು ನೋಡಿ ಇನ್ನಷ್ಟು ಸಿಟ್ಟು ಬಂತು, ಆಮೇಲೆ ಅವರ ಕೈಯ ಗಂಟುಗಳನ್ನು ನೋಡಿ ಆ ಸಿಟ್ಟನ್ನು ವಾಪಸು ತೆಗೆದುಕೊಂಡಳು.

ಆಮೇಲೆ ಎಲ್ಲರೂ ಎದ್ದು ಒಂದೊಂದೇ ಗೋಡೆಯ ಮುಂದೆ ನಿಂತು ನೋಡುತ್ತ ಬಂದರು. ತಿದ್ದಮ್ಮನ ಗೋಡೆ ಬಂತು. ಕರಿಯ ಸ್ಟಿಕ್ಕರಿನಲ್ಲಿ ಕತ್ತರಿಸಿ ಅಂಟಿಸಿದ ಅಕ್ಷರಗಳು, ಅಂಗೈ ಅಗಲದವು. ಮೇಷ್ಟ್ರು ಅವಳಿಗೆ ಕಣ್ಸನ್ನೆ ಮಾಡಿದರು. ಅವಳು ಓದತೊಡಗಿದಳು. ತವರಿನ ನೆನಪು ಎಂದಳು, ಕಾರ್ಖಾನೆ ಬಿಟ್ಟು ಹೋದಳು ಎಂದಳು. “ಕಾರ್ಖಾನೆಯವರೇ ಅವಳನ್ನು ಹುಡುಕಿ” ಎಂಬಲ್ಲಿಗೆ ಬಂದು ನಿಂತಳು. ಮುಂದಿನ ಪದ ಅವಳದೇ. ಅದರ ಮೊದಲ ಎರಡು ಅಕ್ಷರ ಅವಳೇ ಸೇರಿಸಿದ್ದು.

ಅವಳು ಗೋಡೆಗೆ ಉಗುರು ಹಾಕಿದಳು.

‘ಕ’ ಸುಲಭವಾಗಿ ಬಂತು. ‘ರೆ’ ಬರಲಿಲ್ಲ. ಅಂಟು ಗಟ್ಟಿ ಹಿಡಿದಿತ್ತು, ಉಗುರು ಮಡಚಿಕೊಂಡು ನೋವಾಯಿತು. ಹಿಂದೆ ಯಾರೋ “ಏಯ್, ಏಯ್” ಎಂದರು. ಮೇಷ್ಟ್ರು ಬಂದು ತೋಳು ಹಿಡಿದರು. ಅವಳು ಕೊಡವಿದ ರಭಸಕ್ಕೆ ಅವರು ಒಂದು ಹೆಜ್ಜೆ ಹಿಂದೆ ಹೋದರು. ಅಕ್ಷರ ಸುಣ್ಣದ ಸಮೇತ ಕಿತ್ತು ಬಂತು.

“ನಮ್ಮ ದೊಡ್ಡಜ್ಜೀನ ಯಾರೂ ಕರ್ಕೊಂಡು ಬರ್ಲಿಲ್ಲ,” ಎಂದಳು ಅವಳು, ಮೇಲುಸಿರಿನಲ್ಲಿ.

ಉಳಿದದ್ದನ್ನು ಅಜ್ಜಿ ಹೇಳಿದಳು. ನಲ್ಲಿಯ ಹತ್ತಿರ ಜಗಳಕ್ಕೆ ನಿಂತಾಗ ಬರುವ ದನಿಯಲ್ಲಿ, ಶೆಡ್ಡಿನ ಆ ತುದಿಗೂ ಕೇಳುವಂತೆ ಹೇಳಿದಳು. ಗೋಣಿ ಎಂದಳು, ಕಾಲುವೆ ಎಂದಳು. “ನಾರಿನ ಮೂಟೆ ತರೋ ಲಾರೀಲಿ ನಮ್ಮಕ್ಕನ ಹೆಣ ತಂದ್ರು. ಆ ಗೇಟಲ್ಲಿ ಬಂತು. ನಾನು ಇಲ್ಲಿದ್ದೆ,” ಎಂದು ನುಣ್ಣನೆಯ ಕಲ್ಲನ್ನು ಕಾಲಿನಿಂದ ಒದ್ದು ತೋರಿಸಿದಳು. ಚಪ್ಪಾಳೆ ತಟ್ಟಿದ್ದ ಮುದುಕಿಯರಲ್ಲೊಬ್ಬಳು, “ಹೌದು, ಅವತ್ತು ನಾನೇ ಚಕ್ರ ತಿರುಗಿಸ್ತಿದ್ದೆ,” ಎಂದು ಕುರ್ಚಿ ಹಿಡಿದು ಎದ್ದು ನಿಂತಳು.

ಧಣಿಯ ಮೊಮ್ಮಗ ಗೋಡೆಯನ್ನೂ ಮೇಷ್ಟ್ರನ್ನೂ ಬದಲಿಸಿ ಬದಲಿಸಿ ನೋಡಿದ. ಮೇಷ್ಟ್ರು ಬೆವರು ಒರೆಸಿಕೊಂಡರು. ಏನಾದರೂ ಹೇಳಲೇಬೇಕಿತ್ತು, ಬಾಯಿಗೆ ಬಂದದ್ದು ಅದೊಂದೇ. “ಅಲ್ಲ ಸರ್... ಮನುಷ್ಯರಿಗೆ ತಂದರು ಅನ್ನೋ ಹಾಗಿಲ್ಲ. ಇದು ಶುದ್ಧ ತಪ್ಪು.”

“ತಪ್ಪೇ ಮೇಷ್ಟ್ರೇ,” ಎಂದಳು ಅಜ್ಜಿ. “ಶುದ್ಧ ತಪ್ಪು. ನಾನೂ ಅದನ್ನೇ ಹೇಳ್ತಿರೋದು.”

ತಿದ್ದಮ್ಮ ಕೆಳಗಿನ ಸಾಲಿಗೆ ಕೈ ಹಾಕಿದಳು. ಕಾಳಜಿಯ ಸಾಲು. ಅದನ್ನೂ ಪೂರಾ ಕಿತ್ತುಬಿಡುವ ಆವೇಶದಲ್ಲಿದ್ದಳು. ಅಜ್ಜಿ ಅವಳ ಮಣಿಕಟ್ಟು ಹಿಡಿದಳು.

“ಅದು ಇರ್ಲಿ ಬಿಡೇ. ಈಗ ಸರಿಯಾಗಿದೆ. ಮತ್ತೆ ಓದು, ಇವರೆಲ್ಲ ಕೇಳ್ಲಿ.”

ತಿದ್ದಮ್ಮ ಗೋಡೆಯನ್ನು ನೋಡಿದಳು. ಆಮೇಲೆ ತಿರುಗಿ ನಿಂತು, ಧಣಿಯ ಮೊಮ್ಮಗನ ಮುಖಕ್ಕೇ ನೇರವಾಗಿ, ಒಂದಕ್ಷರವೂ ಬದಲಿಸದೆ ಹೇಳಿದಳು: “ಕಾರ್ಖಾನೆಯವರೇ ಅವಳನ್ನು ಹುಡುಕಿ ತಂದರು. ದುಡಿಯುವವರ ಮೇಲೆ ಆ ಕಾಲದವರಿಗಿದ್ದ ಕಾಳಜಿ ಅಂಥದ್ದು.”

ಯಾರೂ ಚಪ್ಪಾಳೆ ತಟ್ಟಲಿಲ್ಲ.